ಮುತ್ತಿನ ಊರಿನ ಕಪ್ಪೆಚಿಪ್ಪು

ನಮ್ಮ ಮನೆಯ ಶೋಕೇಸಿನಲ್ಲಿ ಎರಡು ಚಿಪ್ಪುಗಳಿವೆ. ಒಂದು, ತಂಗಿಯ ಮಗಳು ನ್ಯೂಜಿಲೆಂಡಿನಿಂದ ತಂದುಕೊಟ್ಟದ್ದು. ಅಂಗೈಯಷ್ಟು ಅಗಲ, ಕಿವಿಯ ಆಕಾರ, ಅಂಚಿನಲ್ಲಿ ಸಾಲಾಗಿ ತೂತುಗಳು, ಒಳಗೆ ನವಿಲಿನ ಕತ್ತಿನ ಬಣ್ಣ. ಇನ್ನೊಂದು ಸುಳ್ಯ ತಾಲೂಕಿನ ಒಂದು ತೋಡಿನದು. ಹೊರಗೆ ಕೆಸರಿನ ಬಣ್ಣದ ಒರಟು ಸಿಪ್ಪೆ. ಮನೆಗೆ ಬಂದವರೆಲ್ಲ ಮೊದಲನೆಯದನ್ನು ಕೈಗೆತ್ತಿಕೊಂಡು ಕಿವಿಗಿಟ್ಟು ನೋಡುತ್ತಾರೆ. ಎರಡನೆಯದನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ನಾನು ಹೇಳಬೇಕಾಗಿರುವುದು ಎರಡನೆಯದರ ಕತೆ.

ಕಿವಿಯಾಕಾರದ ಚಿಪ್ಪಿನ ಒಡೆಯನ ಹೆಸರು ಅಬಲೋನ್. ಮಾವೊರಿ ಜನ ಅದನ್ನು ಪಾವಾ ಎನ್ನುತ್ತಾರೆ. ಇದು ನಮ್ಮ ಮರುವಾಯಿಯ ಹಾಗೆ ಎರಡು ಬಾಗಿಲಿನ ಮನೆಯದಲ್ಲ. ಬಸವನಹುಳುವಿನ ಬಳಗದ್ದು, ಒಂದೇ ಚಿಪ್ಪು. ಅಗಲವಾದ ಒಂದು ಪಾದದಿಂದ ಕಡಲಬಂಡೆಯನ್ನು ಕಚ್ಚಿ ಹಿಡಿದು, ಪಾಚಿ ತಿಂದು, ನಿಧಾನವಾಗಿ ಬೆಳೆಯುತ್ತದೆ. ಉಸಿರಾಡಿದ ನೀರು ಹೊರಹೋಗುವುದು ಆ ತೂತುಗಳಿಂದ. ಪಾದವೇ ಮಾಂಸ. ಚೀನಾ, ಜಪಾನುಗಳಲ್ಲಿ ಅದಕ್ಕೆ ಭಾರೀ ಬೆಲೆ. ಚಿಪ್ಪು ಆಭರಣಕ್ಕೆ, ಮರದ ಕೆತ್ತನೆಯ ಅಲಂಕಾರಕ್ಕೆ. ಮಾವೊರಿಗಳು ತಮ್ಮ ಮರದ ಮೂರ್ತಿಗಳಿಗೆ ಇದರಿಂದಲೇ ಕಣ್ಣು ಕೂರಿಸುತ್ತಾರೆ. ನಮ್ಮ ದೇಶದ ಮನ್ನಾರ್ ಕೊಲ್ಲಿಯಲ್ಲೂ ಇದರ ಪುಟ್ಟ ತಳಿಯೊಂದಿದೆ.

ನಮ್ಮ ಕಡೆ ಚಿಪ್ಪೆಂದರೆ ಮೊದಲು ನೆನಪಾಗುವುದು ಪುತ್ತೂರಿನ ಸೋಮವಾರದ ಸಂತೆ, ಅಳಿವೆಗಳ ಕಡೆಯಿಂದ ಬರುವ ಮರುವಾಯಿ. ತಿನ್ನುವವರ ಮನೆಯಲ್ಲಿ ಅದು ಸುಕ್ಕವಾಗುತ್ತದೆ, ಪುಂಡಿಯ ಜತೆ ಬೇಯುತ್ತದೆ. ತಿನ್ನದವರ ಮನೆಗೂ ಚಿಪ್ಪು ಬೇರೆ ದಾರಿಯಿಂದ ಬರುತ್ತದೆ. ಸುಟ್ಟರೆ ಅದು ಸುಣ್ಣ. ಅಜ್ಜಿಯ ವೀಳ್ಯಕ್ಕೂ, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ಜತೆ ಕದಡುವ ಬೋರ್ಡೋ ದ್ರಾವಣಕ್ಕೂ ಸುಣ್ಣ ಬೇಕೇ ಬೇಕು.

ಇನ್ನು ಮುತ್ತಿನ ವಿಚಾರ. ಪುತ್ತೂರಿನ ಮಕ್ಕಳಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಹಾಲಿಂಗೇಶ್ವರ ದೇವಸ್ಥಾನದ ಕೆರೆ ತೋಡಿದರೂ ನೀರು ಬರಲಿಲ್ಲವಂತೆ. ವರುಣನನ್ನು ಪೂಜಿಸಿ ಕೆರೆಯೊಳಗೇ ಎಲೆ ಹಾಕಿ ಬಡಿಸಿದರಂತೆ. ಊಟದ ನಡುವೆ ನೀರು ಉಕ್ಕಿ, ಎಲೆಯಲ್ಲಿ ಉಳಿದ ಅಗುಳುಗಳೆಲ್ಲ ಮುತ್ತಾದುವಂತೆ. ಮುತ್ತೂರು ಪುತ್ತೂರಾದದ್ದು ಹಾಗೆ ಎಂದು ಹಿರಿಯರು ಹೇಳುತ್ತಾರೆ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನಾನು ಪ್ರತಿವರ್ಷ ಈ ಕತೆಯಿಂದಲೇ ಶುರು ಮಾಡುತ್ತಿದ್ದೆ. ಕೊನೆಗೆ, "ಇದು ಕತೆ, ಮಕ್ಕಳೇ. ನಿಜವಾಗಿ ಚಿಪ್ಪಿನೊಳಗೆ ಒಂದು ಮರಳಿನ ಕಣ ಹೊಕ್ಕರೆ ಸಾಕು, ಮುತ್ತಾಗುತ್ತದೆ" ಎನ್ನುತ್ತಿದ್ದೆ. ಕತೆಯನ್ನು ತಿದ್ದಿದೆನೆಂಬ ಹೆಮ್ಮೆ ಬೇರೆ. ನಾನು ಹೇಳಿದ್ದೂ ಒಂದು ಕತೆಯೇ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

2017ರ ಬೇಸಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಸಂಪಾಜೆ ಕಡೆಯವನು. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಡಿದು ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತಿತ್ತು. ಮುತ್ತಿನ ಕೃಷಿ ಮಾಡಿ ಲಕ್ಷಗಟ್ಟಲೆ ಗಳಿಸಿ ಎಂಬ ಜಾಹೀರಾತು ನೋಡಿ, ತಾಯಿಯ ಬಳೆ ಅಡವಿಟ್ಟು, ಎಲ್ಲೋ ಹೋಗಿ ಎರಡು ದಿನದ ತರಬೇತಿ ಪಡೆದು ಬಂದಿದ್ದ. "ಒಳ್ಳೆಯದೇ, ಮಾಡು" ಎಂದೆ. ತೋಡಿನ ಗುಂಡಿಯಿಂದ ಎರಡು ಗೋಣಿ ಕಪ್ಪೆಚಿಪ್ಪು ಹೆಕ್ಕಿ, ತೋಟದ ಸಿಮೆಂಟ್ ಟ್ಯಾಂಕಿಗೆ ಬಿಟ್ಟ. ಹತ್ತೇ ದಿನದಲ್ಲಿ ಎಲ್ಲವೂ ಬಾಯಿ ತೆರೆದವು. ನಾನು ಹೋಗುವಾಗ ಅಂಗಳದ ತನಕ ನಾತ.

ಅವನ ತಂದೆ ಏನೂ ಬೈಯಲಿಲ್ಲ. "ಮಾಷ್ಟ್ರೇ, ಕಾಫಿ ಕುಡಿಯಿರಿ" ಎಂದರು. ಹುಡುಗ ಮಾತ್ರ ಒಂದು ಮಾತು ಕೇಳಿದ: "ಸರ್, ಒಂದು ಮರಳಿನ ಕಣ ಸಾಕು ಅಂತ ನೀವು ಹೇಳಿದ್ದಲ್ಲವಾ?"

ಆ ಮೇಲೆ ಕೂತು ಓದಿದೆ. ಮುತ್ತು ಮೂಡುವುದು ಸಾಮಾನ್ಯವಾಗಿ ಮರಳಿನಿಂದಲ್ಲ. ಚಿಪ್ಪನ್ನು ಕಟ್ಟುವುದು ಅದರ ಒಳಗೋಡೆಗೆ ತಾಗಿಕೊಂಡಿರುವ ಒಂದು ತೆಳುಪೊರೆ. ಪರಾವಲಂಬಿ ಹುಳು ಕೊರೆದೋ, ಪೆಟ್ಟಾಗಿಯೋ ಅದರ ಕೆಲವು ಕೋಶಗಳು ಮೈಯೊಳಗೆ ಸರಿದರೆ, ಅಲ್ಲೊಂದು ಚೀಲವಾಗಿ, ಚಿಪ್ಪಿನ ಹೊಳಪೇ ಪದರ ಪದರವಾಗಿ ಸುತ್ತಿಕೊಳ್ಳುತ್ತದೆ. ಸಾಕಣೆಯಲ್ಲೂ ಇನ್ನೊಂದು ಚಿಪ್ಪಿನ ಆ ಪೊರೆಯ ತುಣುಕನ್ನು ಶಸ್ತ್ರಚಿಕಿತ್ಸೆ ಮಾಡಿ ಕೂರಿಸಬೇಕು. ಗಾಯ ಮಾಗಬೇಕು. ಒಂದು ವರ್ಷ, ಒಂದೂವರೆ ವರ್ಷ ಕೊಳದಲ್ಲಿ ಸಾಕಬೇಕು. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆಯಲ್ಲಿ 1987ರಿಂದ ಇದರ ಸಂಶೋಧನೆ ನಡೆದಿದೆ. ಎರಡು ದಿನದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ತೋಟ ಚೆನ್ನಾಗಿದ್ದ ಕಾಲದಲ್ಲಿ ಅದೇ ಟ್ಯಾಂಕಿಯಲ್ಲಿ ಬೋರ್ಡೋ ಕದಡುತ್ತಿದ್ದರು. ಮೈಲುತುತ್ತಿನ ತಾಮ್ರ ಕಪ್ಪೆಚಿಪ್ಪಿಗೆ ವಿಷ ಎಂಬುದು ಅವನಿಗಿರಲಿ, ವಿಜ್ಞಾನದ ಮಾಷ್ಟ್ರಿಗೂ ಹೊಳೆಯಲಿಲ್ಲ.

ಇನ್ನೂ ಒಂದು ಸಂಗತಿ ತಿಳಿಯಿತು. ಹೊಳೆಯ ಕಪ್ಪೆಚಿಪ್ಪಿನ ಮರಿಗಳು ಹುಟ್ಟಿದ ಕೂಡಲೇ ತಾವಾಗಿ ಬೆಳೆಯಲಾರವು. ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು, ಕೆಲವು ದಿನ ಅದರ ಮೈಯಲ್ಲೇ ಸವಾರಿ ಮಾಡಿ, ಆಮೇಲೆ ತಳದ ಮರಳಿಗೆ ಉದುರುತ್ತವೆ. ಮೀನಿಲ್ಲದಿದ್ದರೆ ಚಿಪ್ಪಿಲ್ಲ. ಚಿಪ್ಪು ದಿನವಿಡೀ ನೀರನ್ನು ಸೋಸುತ್ತದೆ. ಅದಿಲ್ಲದಿದ್ದರೆ ತಿಳಿನೀರೂ ಕಷ್ಟ. ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನಿಗೆ ನಾವು ಅಕ್ಕಿ ಹಾಕಿ ಕೈಮುಗಿಯುತ್ತೇವೆ. ಅದೇ ನೀರಿನ ತಳದಲ್ಲಿರುವ ಚಿಪ್ಪಿಗೆ ದೇವರೂ ಇಲ್ಲ, ಕಾನೂನನ್ನು ನೆನಪಿಸುವವರೂ ಇಲ್ಲ.

ಪಾವಾ ಚಿಪ್ಪು ಕೊಡುವಾಗ ತಂಗಿಯ ಮಗಳು ಹೇಳಿದ್ದು ಈಗ ಅರ್ಥವಾಗುತ್ತದೆ. ಅಲ್ಲಿ ಪಾವಾ ಹಿಡಿಯುವವರು ಅಳತೆಪಟ್ಟಿ ಕೊಂಡುಹೋಗುತ್ತಾರೆ. ಹೆಚ್ಚಿನ ಕಡೆ 125 ಮಿಲಿಮೀಟರಿಗಿಂತ ಸಣ್ಣದನ್ನು ಬಂಡೆಗೇ ಮರಳಿಸಬೇಕು. ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಹಾಗಿಲ್ಲ. ಉಸಿರು ಬಿಗಿಹಿಡಿದೇ ಮುಳುಗಬೇಕು. 2016ರ ನವೆಂಬರಿನಲ್ಲಿ ಕೈಕೌರಾದಲ್ಲಿ ಭೂಕಂಪವಾಗಿ ಕಡಲ ತಳವೇ ಮೇಲೆದ್ದಿತು. ಒಣಗುತ್ತಿದ್ದ ಪಾವಾಗಳನ್ನು ಊರವರು ಹೆಕ್ಕಿ ನೀರಿಗೆ ಬಿಟ್ಟರು. ಆ ತೀರದಲ್ಲಿ 2021ರ ಡಿಸೆಂಬರಿನ ತನಕ ಹಿಡಿಯುವುದನ್ನೇ ನಿಲ್ಲಿಸಿದರು. ಹಾಗೆ ಕಾಯದಿದ್ದ ಕಡೆಯೂ ಇದೆ. ಕ್ಯಾಲಿಫೋರ್ನಿಯದ ಬಿಳಿ ಅಬಲೋನನ್ನು ಹಿಡಿದು ಹಿಡಿದು, 2001ರಲ್ಲಿ ಅದು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಆ ದಿನ ಹುಡುಗನ ಟ್ಯಾಂಕಿಯಿಂದ ತಂದ ಒಂದು ಸತ್ತ ಚಿಪ್ಪೇ ನನ್ನ ಶೋಕೇಸಿನಲ್ಲಿರುವುದು. ಒಂದು ಪಾರ್ಶ್ವವನ್ನು ನೀರಿನೊಳಗಿಟ್ಟು ಮರಳು ಕಾಗದದಿಂದ ಉಜ್ಜಿದ್ದೇನೆ. ಕಂದು ಸಿಪ್ಪೆ ಹೋಗಿ ಬೆಳ್ಳಿಯಂಥ ಹೊಳಪು ಕಾಣುತ್ತದೆ. ಪಾವಾದ್ದೂ ಇದೇ ವಸ್ತು: ಸುಣ್ಣದ ಹಾಳೆಗಳು, ಒಂದೊಂದೂ ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಪಾಲಿನಷ್ಟು ತೆಳು. ಮಕ್ಕಳು ಮನೆಯಲ್ಲೂ ಮಾಡಿ ನೋಡಬಹುದು. ಆದರೆ ಸತ್ತ ಚಿಪ್ಪನ್ನೇ ಹೆಕ್ಕಿ, ನೀರಿನೊಳಗೇ ಉಜ್ಜಿ. ಧೂಳು ಎದೆಗೆ ಒಳ್ಳೆಯದಲ್ಲ.

ಹುಡುಗ ಈಗ ಸುಳ್ಯದಲ್ಲಿ ಕೆಲಸದಲ್ಲಿದ್ದಾನೆ. ಬಳೆ ಬಿಡಿಸಲು ಮೂರು ವರ್ಷ ಹಿಡಿಯಿತು. ಅವನ ಗುಂಡಿಯಲ್ಲಿ ಬಹಳ ಕಾಲ ಚಿಪ್ಪು ಕಾಣಲಿಲ್ಲ. ಕಳೆದ ಬೇಸಗೆಯಲ್ಲಿ ಫೋನ್ ಮಾಡಿದ. "ಸರ್, ಗುಂಡಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ್ದು ಎರಡು ಉಂಟು. ನಾನು ಮುಟ್ಟಲಿಲ್ಲ."

ಮಕ್ಕಳಿಗೆ ಪಾಠ ಹೇಳುವ ನನ್ನಂಥವರೂ, ಜಾಹೀರಾತು ನೋಡಿ ಆಸೆಪಡುವ ತಂದೆತಾಯಂದಿರೂ ಅವನ ಪ್ರಶ್ನೆಯನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು. ಯಾವ ಮುತ್ತಿಗೂ ಒಂದು ಮರಳಿನ ಕಣ ಸಾಕಾಗುವುದಿಲ್ಲ.