ಸಂಡೇ ಬಜಾರಿನಲ್ಲಿ ವೈಸ್‌ನ ದವಡೆ ಹುಡುಕುತ್ತಾ

ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಮೆಟ್ರೊ ಸ್ಟೇಷನ್‌ನಿಂದ ಹೊರಬಂದು ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ನಡೆದರೆ ಬೇರೆಯದೇ ಬೆಂಗಳೂರು ಸಿಗುತ್ತೆ. ವಾರದ ದಿನಗಳಲ್ಲಿ ದೀಪ, ವೈರು, ಸ್ವಿಚ್ಚುಗಳ ವ್ಯಾಪಾರ ನಡೆಯುವ ಅಂಗಡಿಗಳ ಶಟರ್ ಇಳಿದಿರುತ್ತೆ. ಆ ಶಟರ್‌ಗಳ ಮುಂದೆ ಟಾರ್ಪಾಲು ಹಾಸಿ ಹಳೇ ಶೂ, ರಿಮೋಟು, ಇಸ್ತ್ರಿಪೆಟ್ಟಿಗೆ, ಯಾರದೋ ಮದುವೆಯ ಸ್ಟೀಲ್ ಪಾತ್ರೆ, ಎಲ್ಲ ಹರಡಿರುತ್ತಾರೆ. ಬಹಳ ಜನ ಫೋಟೊ ತೆಗೆಯೋಕೆ ಬರ್ತಾರೆ. ನಾನು ಹೋಗಿದ್ದು ಐದಿಂಚಿನ ಎರಡು ಉಕ್ಕಿನ ಪಟ್ಟಿಗೋಸ್ಕರ.

ಆ ಪಟ್ಟಿಗೆ ದವಡೆ ಪ್ಲೇಟ್ ಅಂತಾರೆ. ಬೆಂಚ್ ವೈಸ್ ಗೊತ್ತಲ್ಲ? ಗ್ಯಾರೇಜಿನಲ್ಲಿ, ಐಟಿಐಯಲ್ಲಿ, ನಮ್ಮ ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದುಕೊಳ್ಳುವ ಸಾಧನ. ಕಂಪ್ಯೂಟರ್ ಸೈನ್ಸ್ ಓದಿದವರೂ ಒಂದು ಸೆಮಿಸ್ಟರ್ ಅದರ ಮುಂದೆ ನಿಂತು ಅರ ಉಜ್ಜಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರು ಅದನ್ನು ಮತ್ತೆ ಮುಟ್ಟಿಲ್ಲ. ನಾನೂ ಮುಟ್ಟಿರಲಿಲ್ಲ.

ನನಗೆ ವೈಸ್ ಮತ್ತೆ ಸಿಕ್ಕಿದ್ದು ದೊಡ್ಡಪ್ಪನ ಮನೆಯಲ್ಲಿ. ಅವರು ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವರು. ಜಾಲಹಳ್ಳಿಯ ಆ ಕಾರ್ಖಾನೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾಯ್ತು. ಕೆಲಸ ಲೇತ್, ಮಿಲ್ಲಿಂಗ್ ಯಂತ್ರ ಮಾಡೋದು. ಕೈಗಡಿಯಾರ ಬಂದಿದ್ದು ಆಮೇಲೆ, 1961ರಲ್ಲಿ. ಎಲ್ಲರಿಗೂ ನೆನಪಿರೋದು ಮಾತ್ರ ಗಡಿಯಾರವೇ, ಅದು ಬೇರೆ ಮಾತು. ದೊಡ್ಡಪ್ಪನ ಕೈಯಲ್ಲಿ ಈಗಲೂ ‘ಜನತಾ’ ಇದೆ. ಆದರೆ ಯಾರಾದರೂ “ಓ, ವಾಚ್ ಫ್ಯಾಕ್ಟರೀಲಿ ಇದ್ರಾ?” ಅಂದರೆ ಮುಖ ಸಣ್ಣದಾಗುತ್ತೆ.

ಆ ಕಾಲದಲ್ಲಿ ಜಾಲಹಳ್ಳಿ, ದೂರವಾಣಿನಗರ, ಬೈಯಪ್ಪನಹಳ್ಳಿ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದ ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದು ಶೀಟಿನ ಶೆಡ್ ಇರುತ್ತಿತ್ತು. ಕೆಲಸಕ್ಕೆ ಬಾರದ ಬಾಗಿಲಿನದೋ ಪ್ಯಾಕಿಂಗ್ ಪೆಟ್ಟಿಗೆಯದೋ ಹಲಗೆ ಜೋಡಿಸಿ ಮಾಡಿದ ಬೆಂಚು, ಅದರ ಮೂಲೆಯಲ್ಲಿ ನಾಲ್ಕು ಬೋಲ್ಟ್ ಹಾಕಿ ಕೂರಿಸಿದ ವೈಸ್. ಬೀದಿಯವರ ಸೈಕಲ್ ಪೆಡಲ್ಲು, ಪ್ರೆಶರ್ ಕುಕ್ಕರ್ ಹಿಡಿ, ಬೀಗದ ಕೈ, ಎಲ್ಲ ಅಲ್ಲೇ ರಿಪೇರಿ. ದುಡ್ಡು ತಗೊಳ್ತಿರಲಿಲ್ಲ, ಕಾಫಿ ಮಾತ್ರ.

ದೊಡ್ಡಪ್ಪನ ವೈಸ್ ಮೇಲೆ ‘ರೆಕಾರ್ಡ್’, ‘ಮೇಡ್ ಇನ್ ಇಂಗ್ಲೆಂಡ್’ ಅಂತ ಎರಕದಲ್ಲೇ ಉಬ್ಬಿದ ಅಕ್ಷರಗಳಿವೆ. ರೆಕಾರ್ಡ್ ಅನ್ನೋದು ಶೆಫೀಲ್ಡ್ ಊರಿನ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿಯ ಬ್ರ್ಯಾಂಡು. ನೀಲಿ ಬಣ್ಣ ಅದರ ಗುರುತು. ನಮ್ಮದರಲ್ಲಿ ನೀಲಿ ಉಳಿದಿರೋದು ಸಂದುಗಳಲ್ಲಿ ಮಾತ್ರ. 1979ರ ಬೋನಸ್ಸಿನಲ್ಲಿ ಅವೆನ್ಯೂ ರಸ್ತೆ ಹತ್ತಿರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ತಂದಿದ್ದರಂತೆ. ತೂಗಿ ನೋಡಿದೆ, 24 ಕೆ.ಜಿ. ಆ ಸೈಕಲ್ಲಿಗೇ ನಮಸ್ಕಾರ!

ಈಗ ಆ ಮನೆ ಕೆಡವ್ತಾರೆ. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಮೇಲೆ ಮೂರು ಬಾಡಿಗೆ ಮನೆ ಕಟ್ಟಿಸುವ ಪ್ಲಾನ್ ಮಾಡಿದ್ದಾನೆ. ಅವನದು ತಪ್ಪು ಅಂತ ನಾನು ಹೇಳಲಾರೆ. ಸಾಲ, ಮಕ್ಕಳ ಫೀಸು, ದೊಡ್ಡಪ್ಪನ ಔಷಧಿ, ಎಲ್ಲ ಅವನ ತಲೆ ಮೇಲೇ ಇದೆ. ಪ್ಲಾನಿನಲ್ಲಿ ಶೆಡ್‌ಗೆ ಮಾತ್ರ ಜಾಗ ಇಲ್ಲ. ಗುಜರಿಯವನು ಬಂದು ಬೆಂಚು, ಅರಗಳು, ವೈಸ್ ಎಲ್ಲ ಸೇರಿಸಿ ಕೆ.ಜಿ.ಗೆ ₹30 ಅಂದಿದ್ದ. ದೊಡ್ಡಪ್ಪ “ಹೂಂ, ತಗೊಂಡ್ಹೋಗ್ಲಿ ಬಿಡು” ಅಂದು ಒಳಗೆ ಹೋಗಿ ಟಿವಿ ಹಾಕಿಕೊಂಡು ಕೂತರು. ಟಿವಿಯಲ್ಲಿ ಏನು ಬರುತ್ತಿದೆ ಅಂತ ಅವರು ನೋಡುತ್ತಿರಲಿಲ್ಲ.

ನಾನು ಒಂದು ತಿಂಗಳು ಟೈಮ್ ಕೇಳಿದೆ.

ಶನಿವಾರಗಳಲ್ಲಿ ಹೋಗಿ ಬಿಚ್ಚತೊಡಗಿದೆ. ಬೆಂಚ್ ವೈಸ್‌ನಲ್ಲಿ ಇರೋದು ಸ್ವಲ್ಪವೇ ಭಾಗ. ಒಂದು ಕದಲದ ದವಡೆ, ಒಂದು ಮುಂದೆ ಹಿಂದೆ ಸರಿಯುವ ದವಡೆ, ಚೌಕ ಥ್ರೆಡ್ಡಿನ ಸ್ಪಿಂಡಲ್, ಅದು ತಿರುಗುವ ನಟ್, ತಿರುಗಿಸೋಕೆ ಹಿಡಿ. ಮೈಯೆಲ್ಲ ಬೀಡು ಕಬ್ಬಿಣ. ಒತ್ತಡ ತಡೆದುಕೊಳ್ಳುತ್ತೆ, ಆದರೆ ಸುತ್ತಿಗೆಯಲ್ಲಿ ಜೋರಾಗಿ ಬಡಿದರೆ ಬಿರುಕು ಬಿಡುತ್ತೆ, ಮತ್ತೆ ವೆಲ್ಡಿಂಗ್ ಮಾಡೋದು ಸುಲಭವಲ್ಲ. ಕುಲುಮೆಗಳಲ್ಲಿ ಬಡಿಯುವ ಕೆಲಸಕ್ಕೆ ಬೇರೆಯೇ ವೈಸ್ ಇರುತ್ತೆ. ಅದಕ್ಕೆ ನೆಲದವರೆಗೆ ಒಂದು ಕಾಲಿರುತ್ತೆ, ಏಟಿನ ಭಾರ ಆ ಕಾಲಿನ ಮೂಲಕ ನೆಲಕ್ಕೆ ಹೋಗುತ್ತೆ.

ತುಕ್ಕು ಬಿಡಿಸೋ ವಿಧಾನ ನಮ್ಮಂಥ ಲ್ಯಾಪ್‌ಟಾಪ್ ಜನಕ್ಕೆ ಇಷ್ಟ ಆಗುವಂಥದ್ದು. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಅದರಲ್ಲಿ ಒಂದಿಷ್ಟು ವಾಷಿಂಗ್ ಸೋಡ. ಹಳೇ ಕಾರ್ ಬ್ಯಾಟರಿ ಚಾರ್ಜರಿನ ಮೈನಸ್ ವೈರು ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ವೈರು ಬೇಡದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿಯಿಡೀ ಸಣ್ಣಗೆ ಗುಳ್ಳೆ ಏಳುತ್ತೆ. ಆ ಗುಳ್ಳೆಯಲ್ಲಿ ಹೈಡ್ರೋಜನ್ ಇರೋದರಿಂದ ಗಾಳಿ ಆಡುವ ಜಾಗದಲ್ಲೇ ಮಾಡಬೇಕು. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಚಮಚ ಹಾಕೋಣ ಅಂತ ಮಾತ್ರ ಹೋಗಬೇಡಿ, ಅದರಿಂದ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತೆ. ಬೆಳಿಗ್ಗೆ ಬ್ರಷ್‌ನಲ್ಲಿ ತಿಕ್ಕಿದರೆ ಕಪ್ಪು ಕೆಸರಾಗಿ ಕಳಚಿಕೊಳ್ಳುತ್ತೆ. ತಕ್ಷಣ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಮಧ್ಯಾಹ್ನದೊಳಗೆ ಮತ್ತೆ ಕೆಂಪು.

ದವಡೆ ಪ್ಲೇಟುಗಳದೇ ಸಮಸ್ಯೆ. ಒಂದು ತುಂಡಾಗಿತ್ತು. ಇನ್ನೊಂದರ ಹಲ್ಲು ಸವೆದು ನುಣ್ಣಗಾಗಿ, ಹಿಡಿದ ವಸ್ತು ಜಾರುತ್ತಿತ್ತು. ಅದಕ್ಕೇ ಸಂಡೇ ಬಜಾರ್.

ಅಲ್ಲಿ ವೈಸ್‌ಗಳಿಗೇನೂ ಕೊರತೆಯಿಲ್ಲ. ಒಂದೇ ಟಾರ್ಪಾಲಿನ ಮೇಲೆ ಏಳು ಎಣಿಸಿದೆ. ಎರಡು ಜಲಂಧರ್ ಕಡೆಯವು, ಒಂದು ಹೆಸರೇ ಇಲ್ಲದ್ದು, ಒಂದರ ಹಿಡಿ ಹೋಗಿ ಯಾರೋ ಕಂಬಿ ತುರುಕಿದ್ದರು. ಇನ್ನೊಂದರ ಪಕ್ಕದಲ್ಲಿ ಉಳಿಯಿಂದ ಕೊರೆದ ಎರಡು ಇಂಗ್ಲಿಷ್ ಅಕ್ಷರ, ಯಾರದೋ ಇನಿಷಿಯಲ್ಲು. ವ್ಯಾಪಾರಿಗೆ ಅರವತ್ತು ದಾಟಿರಬೇಕು.

“ಇವೆಲ್ಲ ಫ್ಯಾಕ್ಟರಿ ಹರಾಜಿನವಾ?” ಅಂತ ಕೇಳಿದೆ.

“ಮುಂಚೆ ಹಂಗೇ ಬರ್ತಿತ್ತು ಮೇಡಂ. ಈಗ ಮನೆಗಳಿಂದ ಬರ್ತದೆ. ಅಪ್ಪ ಹೋಗ್ತಾರೆ, ಹದಿನೈದು ದಿನಕ್ಕೆ ಮಕ್ಕಳು ಕಾರಲ್ಲಿ ತಂದು ಇಳಿಸ್ತಾರೆ. ರೇಟ್ ಕೂಡ ಕೇಳಲ್ಲ.” ಆಮೇಲೆ ನನ್ನ ಕಡೆ ನೋಡಿ, “ನಿಮ್ಮದು?” ಅಂದರು.

“ದೊಡ್ಡಪ್ಪ ಇದ್ದಾರೆ,” ಅಂದೆ.

“ಹಂಗಿದ್ರೆ ಪ್ಲೇಟ್ ಹೊಸದೇ ಮಾಡ್ಸಿ. ಹಳೇದಕ್ಕೆ ಹಳೇದು ಕೂರಲ್ಲ.” ವ್ಯಾಪಾರ ಕಳೆದುಕೊಂಡು ಸಲಹೆ ಕೊಟ್ಟ ಪುಣ್ಯಾತ್ಮ. ಸುಮ್ಮನೆ ಬರೋಕೆ ಮನಸ್ಸಾಗದೆ ₹80ಕ್ಕೆ ಒಂದು ಹಳೇ ಅರ ತಗೊಂಡೆ.

ಅಲ್ಲಿಂದ ಮುಂದೆ ಎಸ್‌ಜೆಪಿ ರಸ್ತೆ, ಬೇರೊಂದು ದಿನ. ಪ್ಲೇಟ್ ಹಿಡಿಯುವ ಸ್ಕ್ರೂ ಬೇಕಿತ್ತು. ಮೊದಲ ಅಂಗಡಿಯವರು ಎಂಟು ಮಿಲಿಮೀಟರಿನದು ಕೊಟ್ಟರು. ಎರಡು ಸುತ್ತು ಹೋಗಿ ಬಿಗಿಯಿತು. ಇಂಗ್ಲೆಂಡಿನ ಹಳೇ ವೈಸ್ ಇಂಚಿನ ಲೆಕ್ಕದ್ದು, ಅದರ ಥ್ರೆಡ್ 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತು ಮಾಡಿದ ಅಳತೆಯದು, ಕೋನ 55 ಡಿಗ್ರಿ. ಮೆಟ್ರಿಕ್‌ನದು 60. ಹತ್ತಿರ ಹತ್ತಿರ ಇದ್ದರೂ ಜೊತೆಯಾಗಲ್ಲ. ನಮ್ಮ ದೇಶ ಮೆಟ್ರಿಕ್ ಕಾನೂನು ಮಾಡಿದ್ದು 1956ರಲ್ಲಿ. ಆದರೂ ನಾಲ್ಕನೇ ಅಂಗಡಿಯ ಡಬ್ಬಿಯೊಂದರಲ್ಲಿ 5/16 ವಿಟ್‌ವರ್ತ್ ಸ್ಕ್ರೂ ಸಿಕ್ಕಿತು. ಹಳೇ ಸಿಸ್ಟಮ್ ಅಷ್ಟು ಬೇಗ ಸಾಯಲ್ಲ ಅನ್ನೋದು ಸಾಫ್ಟ್‌ವೇರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ಲೇಟುಗಳನ್ನು ಪೀಣ್ಯದಲ್ಲಿ ಮಾಡಿಸಿದೆ. ಒಂದು ಶಟರಿನಷ್ಟೇ ಅಗಲದ ವರ್ಕ್‌ಶಾಪು, ಒಳಗೆ ಒಂದು ಮಿಲ್ಲಿಂಗ್ ಯಂತ್ರ. ಹಸಿರು ಬಣ್ಣದ ಮೈ ಮೇಲೆ ಎಚ್‌ಎಂಟಿ ಅಂತ ಇತ್ತು. ಅದನ್ನು ಫೋಟೊ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ಎಂದೂ ಉತ್ತರ ಬರೆಯದವರು ನಿಮಿಷದೊಳಗೆ ಫೋನ್ ಮಾಡಿ, “ಬೆಡ್ ಸವೆದಿದ್ಯಾ ಕೇಳು,” ಅಂದರು. ಕೇಳಿದೆ. ಹುಡುಗ “ಇಲ್ಲ, ಚೆನ್ನಾಗಿದೆ” ಅಂದ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಪ್ಲೇಟ್ ಕೂರಿಸಿದ ದಿನ ದೊಡ್ಡಪ್ಪ ತಾವೇ ಶೆಡ್ಡಿಗೆ ಬಂದರು. ಕೈ ನಡುಗುತ್ತೆ, ಸ್ಕ್ರೂ ಹಿಡಿಯೋಕೆ ಆಗಲ್ಲ. ಆದರೆ ಒಂದು ತುಂಡು ಪೇಪರನ್ನು ದವಡೆ ಮಧ್ಯೆ ಇಟ್ಟು ಬಿಗಿ ಮಾಡಿಸಿ, ನಾಲ್ಕೂ ಮೂಲೆ ಎಳೆದು ನೋಡಿದರು. ಎಡಗಡೆ ಪೇಪರ್ ಜಾರಿತು. “ಬಿಚ್ಚು ಪುಟ್ಟಿ. ಹಿಂದೆ ಬರ್ ಇದೆ, ಅರ ಹಾಕು.” ಮೂರು ಸಲ ಬಿಚ್ಚಿಸಿದರು. ಕಾಲು ಹೇಗಿಡಬೇಕು, ಅರವನ್ನು ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದೆ ತರುವಾಗ ಹಗುರ ಬಿಡಬೇಕು, ಅಂತ ನನ್ನ ಭುಜ ಹಿಡಿದು ತೋರಿಸಿದರು. ಲ್ಯಾಬಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟ ನೆನಪಿಲ್ಲ. ಇವತ್ತು ಅವರು ಟಿವಿ ಹಾಕಲಿಲ್ಲ.

ಉಳಿದದ್ದು ಜಾಗದ ಪ್ರಶ್ನೆ. ನನ್ನದು ಮೂರನೇ ಮಹಡಿ ಫ್ಲ್ಯಾಟು. ಬಾಲ್ಕನಿಯಲ್ಲಿ ಅರ ಉಜ್ಜಿದರೆ ಕೆಳಗಿನವರು ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜ್ ಹಾಕ್ತಾರೆ. ಅದೂ ಅಲ್ಲದೆ, ವೈಸ್ ನನ್ನ ಮನೆಗೆ ಬಂದರೆ ದೊಡ್ಡಪ್ಪನಿಗೇನು ಬಂತು? ಅಣ್ಣನ ಜೊತೆ ಎರಡು ಸಂಜೆ ಮಾತಾಯಿತು, ಒಂದು ಸಂಜೆ ಜಗಳವೇ ಆಯಿತು. ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗದಲ್ಲಿ ಮೋಟರ್ ಇಡಬೇಕು ಅಂತ ಅವನ ಹಟ. ಕೊನೆಗೆ ಅತ್ತಿಗೆಯೇ, “ಮೋಟರ್‌ನ ಸಂಪ್ ಪಕ್ಕಕ್ಕೆ ಹಾಕ್ಸಿ, ಮಾವ ಅಲ್ಲಿ ಕೂತ್ಕೊಳ್ಳಲಿ,” ಅಂದರು.

ಬೆಂಚು ಎಷ್ಟು ಎತ್ತರ ಅಂತ ಮೇಸ್ತ್ರಿ ಕೇಳಿದರು. ಫಿಟ್ಟರ್‌ಗಳ ಲೆಕ್ಕ ಸರಳ: ನಿಂತಾಗ ವೈಸ್‌ನ ದವಡೆ ಮೊಣಕೈ ಮಟ್ಟಕ್ಕೆ ಬರಬೇಕು. ನಾನು ಟೇಪ್ ತಗೊಂಡು ದೊಡ್ಡಪ್ಪನ ಹತ್ತಿರ ಹೋದೆ. ಬೆನ್ನು ಬಾಗಿದೆ, 38 ಇಂಚು ಬಂತು. ಅವರು ಟೇಪ್ ಕಿತ್ತುಕೊಂಡು ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದರು. 40 ಇಂಚು.

“ನಲವತ್ತು ಅಂತ ಬರ್ಕೊಳಪ್ಪಾ,” ಅಂದರು. ಮೇಸ್ತ್ರಿ ಡೈರಿಯಲ್ಲಿ ಬರೆದುಕೊಂಡು, ಸಂಪಿನ ಅಳತೆ ಕೇಳೋಕೆ ಅಣ್ಣನ ಹತ್ತಿರ ಹೋದರು.