ಹೇಂಟೆಯೋ ಹುಂಜವೋ: ಚೆರ್ಕಳದಿಂದ ಅಡ್ಕಸ್ಥಳದ ದಾರಿಯಲ್ಲಿ

ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು ಕಲ್ಲಡ್ಕದ ಕಡೆಗೆ ತಿರುಗುವ ರಸ್ತೆ ಎಡನೀರು, ನೆಲ್ಲಿಕಟ್ಟೆ, ಬದಿಯಡ್ಕ, ಉಕ್ಕಿನಡ್ಕ, ಪೆರ್ಲಗಳನ್ನು ದಾಟಿ ಅಡ್ಕಸ್ಥಳದಲ್ಲಿ ಕೇರಳದ ಗಡಿಯನ್ನು ಮುಟ್ಟುತ್ತದೆ. ತಗ್ಗಿನಲ್ಲಿ ಅಡಿಕೆ ತೋಟ, ಏರಿನಲ್ಲಿ ಮುರಕಲ್ಲಿನ ಪಾರೆ, ಅದರಾಚೆ ಗೇರು ಗುಡ್ಡ. ಈ ದಾರಿಯ ಇಕ್ಕೆಲಗಳಲ್ಲಿ ಅಂಗಳದ ಮೂಲೆಗೊಂದು ಕೋಳಿಗೂಡು ಇರುವ ಮನೆಗಳು ಇಂದಿಗೂ ಸಾಕಷ್ಟಿವೆ. ಆ ಗೂಡಿನ ಹಕ್ಕಿಗೆ ಮೂರು ಭಾಷೆಗಳಲ್ಲಿ ಹೆಸರು. ಕನ್ನಡದಲ್ಲಿ ಹೇಂಟೆ ಮತ್ತು ಹುಂಜ. ತುಳುವಿನಲ್ಲಿ ಪೆರಡೆ ಮತ್ತು ಪೂಂಜ. ಮಲಯಾಳದಲ್ಲಿ ಪಿಡ ಮತ್ತು ಪೂವನ್. ಇನ್ನೂ ಮೊಟ್ಟೆಯಿಡದ ಎಳೆಯ ಹೇಂಟೆಗೆ ತುಳುವಿನಲ್ಲಿ ಲಾಕಿ ಎಂಬ ಪ್ರತ್ಯೇಕ ಪದವೇ ಇದೆ. ಹುಂಜಗಳಿಗಂತೂ ಬೊಳ್ಳೆ, ಮೈರೆ, ಕೆಮ್ಮೈರೆ ಎಂದು ಬಣ್ಣಕ್ಕೊಂದು ನಾಮಧೇಯ.

ಇಷ್ಟು ಪದಸಂಪತ್ತು ಇರುವ ನಾಡಿನಲ್ಲಿಯೂ ಮೊಟ್ಟೆಯೊಡೆದು ಹೊರಬಂದ ಮರಿಗೆ ಮಾತ್ರ ಲಿಂಗಸೂಚಕ ಹೆಸರಿಲ್ಲ. ಅದು ಬರಿಯ ಮರಿ, ತುಳುವಿನ ಕಿನ್ನಿ. ಭಾಷೆ ಇಲ್ಲಿ ಸುಮ್ಮನಿರುವುದು ವಿವೇಕದಿಂದಲೇ. ನಾಟಿ ಕೋಳಿಯ ಮರಿಯನ್ನು ಮೊದಲ ದಿನ ನೋಡಿ ಗಂಡು ಹೆಣ್ಣು ಹೇಳಬಲ್ಲ ಕಣ್ಣು ಯಾವ ಮನೆಯಲ್ಲಿಯೂ ಇರಲಿಲ್ಲ. ಚೂಪು ಮೊಟ್ಟೆಯಿಂದ ಹುಂಜ, ಉರುಟು ಮೊಟ್ಟೆಯಿಂದ ಹೇಂಟೆ ಎಂಬ ನಂಬಿಕೆಯೊಂದಿದೆ, ಅದಕ್ಕೆ ಆಧಾರವಿಲ್ಲ. ಒಂದು ಹೇಂಟೆಯ ಮೊಟ್ಟೆಗಳು ಬಹುಮಟ್ಟಿಗೆ ಒಂದೇ ಆಕಾರದವು, ಮರಿಗಳಾದರೋ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಮನೆಯ ಹಿರಿಯ ಹೆಂಗಸರು ಮಾಡುತ್ತಿದ್ದುದು ಕಾಯುವ ಕೆಲಸ. ನಾಲ್ಕರಿಂದ ಆರು ವಾರಗಳ ನಡುವೆ ಕೆಲವು ಮರಿಗಳ ಜುಟ್ಟು ದಪ್ಪಗಾಗಿ ಕೆಂಪೇರುತ್ತದೆ. ಉಳಿದವುಗಳದು ಹಳದಿ ಮಿಶ್ರಿತವಾಗಿ ಕಿರಿದಾಗಿಯೇ ಉಳಿಯುತ್ತದೆ. ಕೆಂಪೇರಿದವುಗಳ ಕಾಲು ದಪ್ಪ, ನಿಲುವು ನೆಟ್ಟಗೆ. ಮೂರನೆಯ ತಿಂಗಳಿಗೆ ಸಂದೇಹ ಬಹುತೇಕ ನಿವಾರಣೆಯಾಗುತ್ತದೆ. ಹುಂಜದ ಕುತ್ತಿಗೆಯಲ್ಲಿಯೂ ಬಾಲದ ಬುಡದಲ್ಲಿಯೂ ಹೊಳೆಯುವ ಚೂಪು ತುದಿಯ ನೀಳ ಗರಿಗಳು ಇಳಿಯುತ್ತವೆ. ಹೇಂಟೆಯ ಗರಿಯ ತುದಿ ದುಂಡಗೆ. ಜುಟ್ಟೊಂದನ್ನೇ ನಂಬಿದರೆ ಮೋಸಹೋಗಬಹುದು, ಗರಿಯ ಸಾಕ್ಷ್ಯ ಸುಳ್ಳಾಗುವುದು ಅಪರೂಪ. ಲಾಕಿಗಳು ಮೊಟ್ಟೆಗೆ ಉಳಿಯುತ್ತಿದ್ದವು. ಹುಂಜಗಳಲ್ಲಿ ಒಂದು ದೈವದ ಹರಕೆಗೆ, ಒಂದು ನೆಂಟರ ಊಟಕ್ಕೆ. ಯಾವುದು ಹುಟ್ಟಿದರೂ ಮನೆಗೆ ನಷ್ಟವಿರಲಿಲ್ಲ.

ನಷ್ಟ ಆರಂಭವಾಗುವುದು ಪೇಟೆಯ ಬದಿಯಲ್ಲಿ. ಗುಲಾಬಿ, ಹಸುರು, ನೇರಳೆ ಬಣ್ಣದಲ್ಲಿ ಅದ್ದಿದ ಮರಿಗಳನ್ನು ಬುಟ್ಟಿ ತುಂಬ ತಂದು ಅಗ್ಗಕ್ಕೆ ಮಾರುವವರು ಈ ದಾರಿಯಲ್ಲಿಯೂ ಕಾಣಸಿಗುತ್ತಾರೆ. ಶಾಲೆ ಬಿಟ್ಟ ಮಕ್ಕಳು ಸುತ್ತ ನೆರೆಯುತ್ತಾರೆ. ಹತ್ತು ಮರಿ ಕೊಂಡರೆ ಐದಾದರೂ ಹೇಂಟೆಯಾದೀತೆಂದು ತಾಯಂದಿರು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪುವುದು ಅದೃಷ್ಟದ ದೋಷದಿಂದಲ್ಲ. ಮೊಟ್ಟೆಕೋಳಿಗಳ ದೊಡ್ಡ ಮರಿಕೇಂದ್ರಗಳಲ್ಲಿ ಮರಿ ಹುಟ್ಟಿದ ದಿನವೇ ಗಂಡು ಹೆಣ್ಣು ಬೇರ್ಪಡುತ್ತವೆ. ಹೆಣ್ಣು ಮರಿಗಳು ಫಾರ್ಮುಗಳಿಗೆ ಹೋಗುತ್ತವೆ. ಮೊಟ್ಟೆಯಿಡದ, ಮೈಯಲ್ಲಿ ಮಾಂಸವೂ ಬೇಗ ಕೂಡದ ಗಂಡುಮರಿಗಳಲ್ಲಿ ಬಹಳಷ್ಟು ಅಲ್ಲಿಯೇ ಕೊಲ್ಲಲ್ಪಡುತ್ತವೆ. ಬಣ್ಣ ಬಳಿಸಿಕೊಂಡು ಬೀದಿಗೆ ಬರುವವು ಸಾಮಾನ್ಯವಾಗಿ ಅವುಗಳಲ್ಲಿ ಉಳಿದವು. ಗರಿ ಬದಲಾದಂತೆ ಬಣ್ಣ ಹೋಗುತ್ತದೆ. ಬಿಳಿ ಹುಂಜಗಳು ಅಂಗಳದ ತುಂಬ ಕೂಗತೊಡಗಿದಾಗ ಕೊಂಡವರಿಗೆ ನಿಜ ತಿಳಿಯುತ್ತದೆ.

ಮೊದಲ ದಿನವೇ ಬೇರ್ಪಡಿಸುವ ವಿದ್ಯೆಯಾದರೂ ಏನು? 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಎಂಬ ವಿಜ್ಞಾನಿಗಳು ಮರಿಯ ಗುದದ್ವಾರದ ಒಳಗಿನ ಅತಿ ಸಣ್ಣ ಉಬ್ಬನ್ನು ನೋಡಿ ಲಿಂಗ ಗುರುತಿಸುವ ಕ್ರಮವನ್ನು ರೂಪಿಸಿದರು. ನುರಿತವರು ಗಂಟೆಗೆ ಸಾವಿರದ ಆಸುಪಾಸು ಮರಿಗಳನ್ನು ನೋಡಿಬಿಡುತ್ತಾರೆ. ಅಭ್ಯಾಸವಿಲ್ಲದವರು ಹಿಚುಕಿದರೆ ಮರಿ ಸಾಯುತ್ತದೆ. ಎರಡನೆಯದು ಬಣ್ಣದ ಮಾರ್ಗ. ಹಕ್ಕಿಗಳಲ್ಲಿ ಸಂತಾನದ ಲಿಂಗವನ್ನು ನಿರ್ಧರಿಸುವವಳು ತಾಯಿ. ಕೆಲವು ಬಣ್ಣಗಳನ್ನು ಆಕೆ ಗಂಡುಮಕ್ಕಳಿಗೆ ಮಾತ್ರ ದಾಟಿಸುತ್ತಾಳೆ. ಆದ್ದರಿಂದ ತಕ್ಕ ತಳಿಯ ಕೆಂಪು ಹುಂಜಕ್ಕೆ ಬಿಳಿ ಹೇಂಟೆಯನ್ನು ಕೂಡಿಸಿದರೆ ಗಂಡುಮರಿ ತಾಯಿಯಂತೆ ಬಿಳಿಚು, ಹೆಣ್ಣುಮರಿ ತಂದೆಯಂತೆ ಕಂದು. ಮೂರನೆಯದು ರೆಕ್ಕೆಯ ಗರಿಯ ಉದ್ದವನ್ನು ನೋಡುವುದು. ಕೊನೆಯ ಎರಡೂ ಅದಕ್ಕಾಗಿಯೇ ಜೋಡಿಸಿದ ತಳಿಗಳಲ್ಲಿ, ಅದೂ ಒಂದೇ ತಲೆಮಾರಿಗೆ ನಡೆಯುತ್ತವೆ. ನಮ್ಮ ಅಂಗಳದ ಮಿಶ್ರ ಸಂತಾನದ ರೆಕ್ಕೆ ಬಿಡಿಸಿ ಭವಿಷ್ಯ ನುಡಿಯುವುದು ವ್ಯರ್ಥ.

ಬದಿಯಡ್ಕ ದಾಟಿದ ಮೇಲೆ ಕೇಳಿಬರುವ ಇನ್ನೊಂದು ಪ್ರಶ್ನೆ ತಳಿಯದು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ 2018ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬಳಿಕ ಕಪ್ಪು ಮರಿಗೆಲ್ಲ ಅದೇ ಹೆಸರು, ಅದರದೇ ಬೆಲೆ. ನಿಜವಾದ ಕಡಕ್‌ನಾಥ್‌ನಲ್ಲಿ ಕಪ್ಪು ಗರಿಗಷ್ಟೇ ನಿಲ್ಲದು. ಚರ್ಮ, ಕಾಲು, ಜುಟ್ಟು, ನಾಲಗೆಗಳಿಗೂ ಹಬ್ಬಿರುತ್ತದೆ. ಬೆಳೆಯುತ್ತಿರುವ ಮರಿಯ ಜುಟ್ಟು ಕೆಂಪಾದರೆ ಅದು ಶುದ್ಧ ತಳಿಯಲ್ಲ. ಎಲ್ಲವೂ ಕಪ್ಪಾಗಿದ್ದರೂ ಬೆರಕೆಯಿರಬಹುದು. ವಿಚಿತ್ರವೆಂದರೆ ಉತ್ತರ ಕೇರಳದ್ದೇ ಆದ ತಲಶ್ಶೇರಿ ಕೋಳಿಯೂ ಕಪ್ಪು. ನೀಲಿ ಹೊಳಪಿನ ಗರಿ, ಕೆಂಪು ಜುಟ್ಟು. ನೆರೆಯ ಕಣ್ಣೂರು, ಕೋಯಿಕ್ಕೋಡುಗಳ ಈ ಹಕ್ಕಿಯನ್ನು ಅದರ ಹೆಸರಿನಿಂದ ಕೇಳುವವರು ಮಾತ್ರ ವಿರಳ. ಹುಟ್ಟಿದ ದಿನವೇ ಸಂಶಯವಿಲ್ಲದೆ ಗುರುತಿಸಬಹುದಾದದ್ದು ಬೋಳುಕುತ್ತಿಗೆಯ ಕೋಳಿಯೊಂದೇ ಎನ್ನಬಹುದು.

ಯೋಜನೆಗಳ ಮೂಲಕ ಬರುವ ಮರಿಗಳ ಕಥೆ ಬೇರೆ. ಮಣ್ಣುತ್ತಿಯ ಗ್ರಾಮಲಕ್ಷ್ಮಿ, ಹೈದರಾಬಾದಿನ ಗ್ರಾಮಪ್ರಿಯ, ಗಡಿಯಾಚೆಗೆ ಹೋದರೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ. ಇವು ಮೊಟ್ಟೆಗಾಗಿಯೋ ಮಾಂಸಕ್ಕಾಗಿಯೋ ಬೆಳೆಸಿದ ತಳಿಗಳು. ಮೊಟ್ಟೆ ಹೆಚ್ಚು, ಆದರೆ ಕಾವಿಗೆ ಕೂರುವ ಗುಣ ಕಡಿಮೆ. ಅವುಗಳ ಮರಿಗಳು ತಾಯಿಯಂತೆಯೇ ಇರುತ್ತವೆಂಬ ಭರವಸೆಯೂ ಇಲ್ಲ. ಅವುಗಳನ್ನು ಸಾಕುವ ಮನೆ ಪ್ರತಿ ಸಲವೂ ಮರಿಗಾಗಿ ಹೊರಗೆ ನೋಡಬೇಕು.

ಆದುದರಿಂದ ಮೊಟ್ಟೆಗೆಂದು ಕೊಳ್ಳುವವರು ಒಂದು ದಿನದ ಅಗ್ಗದ ಮರಿಯ ಬದಲು ಆರೇಳು ವಾರದ ಲಾಕಿಯನ್ನೇ ಕೇಳಿ ಕೊಳ್ಳುವುದು ಲೇಸು. ಮರಿಯ ಮೂಲವನ್ನು ವಿಚಾರಿಸಬೇಕು. ಜುಟ್ಟು, ಕಾಲು, ಗರಿ ಮೂರನ್ನೂ ಒಟ್ಟಿಗೆ ನೋಡಬೇಕು. ಬೆಲೆ ಹೆಚ್ಚಾದರೂ ಅದು ಬೇರೊಬ್ಬರು ಕಾದುದಕ್ಕೆ ಕೊಡುವ ಕೂಲಿ. ಅಡ್ಕಸ್ಥಳದ ಸೇತುವೆಯ ಈಚೆಗೂ ಆಚೆಗೂ ಕೋಳಿಯ ಗರಿ ಒಂದೇ ಮಾತನ್ನು ಹೇಳುತ್ತದೆ, ಅದು ಹೇಳುವ ಹೊತ್ತಿಗೆ.