ದೀಪವೋ, ಬಂದೂಕೋ?

ಹಣ ಕೊಟ್ಟು ಹಣ್ಣು ಕೊಳ್ಳುವವರುಂಟು, ಹೂ ಕೊಳ್ಳುವವರುಂಟು. ಹಣ ಕೊಟ್ಟು ಹೆದರಿಕೆಯನ್ನು ಕೊಳ್ಳುವವರೂ ಉಂಟೆ? ಉಂಟು. 2005ರ ಆಷಾಢದ ಒಂದು ರಾತ್ರಿ ಮಲೆನಾಡಿನ ಮನೆಯೊಂದರಲ್ಲಿ ಅಂಥ ತರುಣನೊಬ್ಬ ಕೊಠಡಿಯ ದೀಪವಾರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನ ಮುಂದೆ ಕುಳಿತಿದ್ದನು. ಹೊರಗೆ ಜಡಿಮಳೆ. ಮನೆಯವರೆಲ್ಲ ಮಲಗಿದ್ದರು. ಅವನ ವಯಸ್ಸು ಹತ್ತೊಂಬತ್ತು; ಓದು ಎಂಜಿನಿಯರಿಂಗ್. ಆದರೂ ಕತ್ತಲೆಯೆಂದರೆ ಒಳಗೊಳಗೇ ಅಳುಕು. ಬಾಲ್ಯದಲ್ಲಿ ಹಿತ್ತಲ ಬಚ್ಚಲಮನೆಗೆ ಹೋಗಬೇಕಾದರೆ ಅಜ್ಜಿಯ ಸೆರಗು ಕೈಯಲ್ಲಿರಬೇಕಾಗಿತ್ತು. ಸೆರಗು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ಅಳುಕು ಬಿಟ್ಟಿರಲಿಲ್ಲ. ಅದು ಅವನೊಬ್ಬನೇ ಬಲ್ಲ ಗುಟ್ಟು.

ಆಟದ ಹೆಸರು 'ಡೂಮ್ 3'. ಅಮೆರಿಕದ ಟೆಕ್ಸಾಸಿನಲ್ಲಿರುವ ಇಡ್ ಸಾಫ್ಟ್‌ವೇರ್ ಸಂಸ್ಥೆ 2004ರಲ್ಲಿ ರೂಪಿಸಿದ್ದು. ಇದೇ ಸಂಸ್ಥೆಯ 1993ರ 'ಡೂಮ್' ಇಂಥ ಆಟಗಳಿಗೆ ಹಾದಿ ತೆರೆದಿತ್ತು. ಹದಿನೇಳು ತುಂಬಿದವರಿಗೆ ಮಾತ್ರವೆಂದು ಅಮೆರಿಕದಲ್ಲಿ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿದ್ದರು; ಪೆಟ್ಟಿಗೆ ಬಿಚ್ಚುವ ಅವಸರದಲ್ಲಿ ಅದನ್ನು ಓದಿದವರೆಷ್ಟು ಮಂದಿಯೋ! ಇಲ್ಲಿ ಪರದೆಯ ಮೇಲೆ ನಾಯಕನ ಮುಖ ಕಾಣುವುದಿಲ್ಲ. ಅವನ ಕೈ ಮತ್ತು ಕೈಯಲ್ಲಿರುವ ಆಯುಧವಷ್ಟೇ ಕಾಣುತ್ತವೆ. ಅವನ ಕಣ್ಣೇ ಆಟಗಾರನ ಕಣ್ಣು. ನಾಟಕದಲ್ಲಿ ರಾಕ್ಷಸನು ಆರ್ಭಟಿಸುವುದು ಇನ್ನೊಬ್ಬ ಪಾತ್ರಧಾರಿಯ ಮೇಲೆ. ಇಲ್ಲಿಯೋ, ನೋಡುವವನ ಮೇಲೆಯೇ.

ಕಥೆ ನಡೆಯುವುದು 2145ರಲ್ಲಿ, ಮಂಗಳಗ್ರಹದ ಸಂಶೋಧನಾ ನೆಲೆಯಲ್ಲಿ. ವಿಜ್ಞಾನಿಗಳ ಪ್ರಯೋಗವೊಂದರಿಂದ ನರಕದ ಬಾಗಿಲು ತೆರೆದು, ಪಿಶಾಚಿಗಳು ಒಳನುಗ್ಗುತ್ತವೆ. ದೀಪಗಳು ಮಿಣುಕಿ ಆರುತ್ತವೆ. ಆ ಕಗ್ಗತ್ತಲೆಯ ಓಣಿಗಳಲ್ಲಿ ಒಬ್ಬನೇ ಸೈನಿಕ ನಡೆಯಬೇಕು. ಅವನ ಬಳಿ ಬಂದೂಕುಂಟು, ಟಾರ್ಚೂ ಉಂಟು. ಆದರೆ ಎರಡನ್ನೂ ಒಟ್ಟಿಗೆ ಹಿಡಿಯುವಂತಿಲ್ಲ! ದೀಪ ಹಿಡಿದರೆ ವೈರಿ ಕಾಣುತ್ತಾನೆ, ಹೊಡೆಯಲಾಗದು. ಬಂದೂಕು ಹಿಡಿದರೆ ಹೊಡೆಯಬಹುದು, ವೈರಿ ಕಾಣನು. ಮಂಗಳಕ್ಕೆ ಹೋಗಬಲ್ಲವರಿಗೆ ಬಂದೂಕಿಗೊಂದು ದೀಪ ಕಟ್ಟಲು ಬಾರದೇ ಎಂದು ಆಟಗಾರರು ಹಾಸ್ಯ ಮಾಡಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ದೀಪ ಕಟ್ಟಿದ ಬಂದೂಕನ್ನು ಆಟದೊಳಗೆ ಸೇರಿಸಿಕೊಂಡವರೂ ಇದ್ದರು. 2012ರ ಆವೃತ್ತಿಯಲ್ಲಿ ತಯಾರಕರೇ ಸೈನಿಕನ ಕವಚಕ್ಕೆ ದೀಪ ಜೋಡಿಸಿದರು. ಅನುಕೂಲವಾಯಿತು, ನಿಜ, ಭಯದ ಬೇರು ಮಾತ್ರ ಸಡಿಲವಾಯಿತು. ಆ ಹಳೆಯ ಅನನುಕೂಲದಲ್ಲಿಯೇ ಆಟದ ಸೊಗಸಿದ್ದಿತು.

ತರುಣನು ಟಾರ್ಚು ಹಿಡಿದು ಮುಂದುವರಿದನು. ಬೆಳಕು ಅಲುಗಿದಂತೆ ಗೋಡೆಯ ಮೇಲಿನ ನೆರಳೂ ಅಲುಗಿತು. ಬೀಗ ಹಾಕಿದ ಕಪಾಟಿನಲ್ಲಿ ಮದ್ದುಗುಂಡುಗಳಿದ್ದವು. ಅದನ್ನು ತೆರೆಯುವ ಸಂಖ್ಯೆಯನ್ನು ತಿಳಿಯಬೇಕಾದರೆ ಸತ್ತ ನೌಕರನ ಧ್ವನಿಮುದ್ರಣವನ್ನು ನಿಂತು ಕೇಳಬೇಕು. ಬೆನ್ನ ಹಿಂದೆ ಏನೋ ಗೊರಗುಟ್ಟುತ್ತಿರುವಾಗ ನಿಂತು ಕೇಳುವುದೆಂದರೆ! ಅಂಗೈ ಬೆವರಿತು; ಎದೆ ಡವಡವನೆ ಹೊಡೆದುಕೊಂಡಿತು. ಎದುರಿಗಿರುವುದು ಬರಿಯ ಚಿತ್ರವೆಂದು ಬುದ್ಧಿ ಹೇಳುತ್ತಿತ್ತು. ಆದರೆ ಬುದ್ಧಿಯ ಮಾತು ಮುಗಿಯುವ ಮುನ್ನವೇ ದೇಹವು ರಕ್ತಕ್ಕೆ ಅಡ್ರಿನಲಿನ್ ಸುರಿಸಿಬಿಟ್ಟಿತ್ತು. ಒಂದು ಕೀಲಿ ಒತ್ತಿದ್ದರೆ ಆಟ ನಿಲ್ಲುತ್ತಿತ್ತು. ಅವನು ಒತ್ತಲಿಲ್ಲ. ಈ ಕತ್ತಲೆಯಲ್ಲಾದರೂ ತಾನು ಹೆಜ್ಜೆಯಿಡಬಲ್ಲೆನೆಂದು ತನಗೆ ತಾನೇ ತೋರಿಸಿಕೊಳ್ಳಬೇಕಾಗಿತ್ತು. ಟಾರ್ಚನ್ನು ಬಿಟ್ಟು ಬಂದೂಕನ್ನು ಹಿಡಿದು ಬಾಗಿಲನ್ನು ತೆರೆದನು.

ಆ ಕ್ಷಣದಲ್ಲಿಯೇ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಹೆಡ್‌ಫೋನಿನ ಗೊರಗು ನಿಂತು ಮಳೆಯ ಸದ್ದು ಕೇಳಿಸಿತು. ಬೆಂಕಿಪೊಟ್ಟಣವಿದ್ದುದು ಅಡಿಗೆಮನೆಯಲ್ಲಿ, ನಡುಮನೆಯನ್ನು ದಾಟಿ ಹೋಗಬೇಕು. ಈಗ ಅವನ ಕೈಯಲ್ಲಿ ದೀಪವೂ ಇರಲಿಲ್ಲ, ಬಂದೂಕೂ ಇರಲಿಲ್ಲ. ಗೋಡೆಯನ್ನು ಸವರುತ್ತ ನಾಲ್ಕು ಹೆಜ್ಜೆ ಇಟ್ಟನು. ಕತ್ತಲೆಯೊಳಗಿನಿಂದ ಏನೋ ಸರಿದಾಡಿದ ಸದ್ದು ಬಂದಿತು. ಅವನು ಉಸಿರು ಬಿಗಿಹಿಡಿದು ನಿಂತನು.

"ಯಾರದು? ನೀನೇನೋ, ಅಪ್ಪೀ?" ಅಜ್ಜಿಯ ದನಿ. "ಕಣ್ಣು ಕಾಣಿಸೋದಿಲ್ಲ. ಬಚ್ಚಲಿಗೆ ಹೋಗಬೇಕು, ಸ್ವಲ್ಪ ಕೈ ಹಿಡ್ಕೋ."

ಅವನು ತಡಕಾಡಿ ಅವಳ ಕೈ ಹಿಡಿದನು. ಹಿತ್ತಲ ಬಾಗಿಲನ್ನು ತೆರೆದನು. ತೆಂಗಿನ ಮರಗಳು ಗಾಳಿಗೆ ಹೊಯ್ದಾಡುತ್ತಿದ್ದವು. ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದರು.

"ಏನೋ ಇದು, ಕೈ ಇಷ್ಟು ಬೆವರಿದೆ?" ಎಂದು ಅಜ್ಜಿ ಕೇಳಿದಳು.

"ಸೆಖೆ, ಅಜ್ಜೀ" ಎಂದನು. ಮಳೆ ಸುರಿಯುತ್ತಲೇ ಇತ್ತು.